ಬಟ್ಟೆ ಕುಂಬಳಕಾಯಿಗೆ ಮೊದಲ ಚುಚ್ಚು

ಬಟ್ಟೆಯ ಕುಂಬಳಕಾಯಿಗೆ ಜೀವವಿಲ್ಲ ಎಂದು ನಾನು ಎದುರು ಮನೆಯ ಹುಡುಗಿಗೆ ಒಂದಲ್ಲ, ಹತ್ತು ಸಲ ಹೇಳಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ. ಹೇಳಿದ್ದು ಸರಿಯಾಗಿಯೇ ಇತ್ತು. ಹೇಳಿದ್ದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ. ಸರಿಯಾದದ್ದನ್ನು ಹೇಳಿ ಕೆಟ್ಟವಳಾಗುವುದು ನನಗೆ ಚಿಕ್ಕಂದಿನಿಂದ ಬಂದ ವಿದ್ಯೆ, ನನ್ನ ಅಕ್ಕತಂಗಿಯರು ಇದನ್ನು ಓದಿದರೆ ಹೌದೆಂದು ತಲೆಯಾಡಿಸುತ್ತಾರೆ. ಆದರೆ ಇದು ಅವರು ನಗಬಹುದಾದ ಕಥೆಯಲ್ಲ.

ನಾವು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ಒಮಾನಿನ ಸಲಾಲಾಕ್ಕೆ ಬಂದು ಹದಿನಾರು ವರ್ಷವಾಯಿತು. ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಕಂಟೈನರ್ ಬಂದರಿನ ಆಫೀಸಿನಲ್ಲಿ ಕೆಲಸ, ವಾರ ವಾರ ಬದಲಾಗುವ ಶಿಫ್ಟು. ಮಗಳು ಊರಿನಲ್ಲಿ ಕಾಲೇಜಿಗೆ ಸೇರಿದ ಮೇಲೆ ಮನೆಯಲ್ಲಿ ಉಳಿದದ್ದು ನಾನು ಮತ್ತು ನನ್ನ ಹೊಲಿಗೆ ಮೆಷಿನ್. ಸೀರೆಗೆ ಫಾಲ್ ಹಚ್ಚುವುದು, ಬೆಳೆದ ಮಕ್ಕಳ ಯೂನಿಫಾರ್ಮಿನ ಅಂಚು ಬಿಚ್ಚಿ ಉದ್ದ ಮಾಡುವುದು, ಯಾರಾದರೂ ಮನೆ ಬದಲಿಸಿದರೆ ಕರ್ಟನ್ ಹೊಲಿಯುವುದು. ಆ ವರ್ಷ ಜುಲೈಯಲ್ಲಿ ಸಮುದ್ರದಂಡೆಯ ಒಂದು ರೆಸಾರ್ಟಿನಿಂದ ಕರೆ ಬಂತು. ಅಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುವ ಬಿಳಿಯ ಹೆಂಗಸು ತನ್ನ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಬಟ್ಟೆಯಿಂದ ಹೊಲಿದ ಕುಂಬಳಕಾಯಿಗಳು. ಕೆಲವು ಮಾಸಿದ ಕಾವಿ, ಕೆಲವು ಮಣ್ಣಿನ ಬಣ್ಣ, ಕೆಲವು ಬರೀ ಗೋಣಿಯವು. ಅಕ್ಟೋಬರಿನಲ್ಲಿ ಯುರೋಪಿನಿಂದ ವಿಮಾನ ತುಂಬ ಜನ ಬರುತ್ತಾರೆ, ಅವರ ಊರಿನಲ್ಲಿ ಆಗ ಎಲೆ ಉದುರುವ ಕಾಲ, ಊಟದ ಮೇಜಿನ ಮೇಲೆ ಇವನ್ನು ಇಟ್ಟರೆ ಅವರಿಗೆ ಮನೆಯ ನೆನಪಾಗುತ್ತದೆ ಎಂದಳು. ಮನೆಯ ನೆನಪು ಬೇಕಾದವರು ಮನೆಯಲ್ಲೇ ಕೂರಬಹುದಿತ್ತಲ್ಲ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅರವತ್ತು ಬೇಕು, ಆದರೆ ಹೊಸದಾಗಿ ಕಾಣಬಾರದು, ಹಳ್ಳಿಯ ಯಾವುದೋ ಅಜ್ಜಿಯ ಮನೆಯಲ್ಲಿ ಬಿದ್ದಿದ್ದಂತೆ ಇರಬೇಕು ಎಂದು ಎರಡೆರಡು ಸಲ ಹೇಳಿದಳು. ಹಳೆಯದು ಬೇಕಾದವರಿಗೆ ಸಂತೆ ಉಂಟು. ಹೊಸದಾಗಿ ಹಳೆಯದು ಬೇಕೆನ್ನುವವರಿಗೆ ನನ್ನಂಥವಳೇ ಆಗಬೇಕು. ಒಪ್ಪಿಕೊಂಡೆ.

ಕೆಲಸ ಕಷ್ಟದ್ದೇನಲ್ಲ. ಕೋರಾ ಬಟ್ಟೆಯನ್ನು ಕಡು ಚಹಾದ ನೀರಿನಲ್ಲಿ ಕುದಿಸಿ, ಹಿಂಡದೆ ಹಾಗೇ ಒಣಗಿಸಿದರೆ ಅಲ್ಲಲ್ಲಿ ಕಲೆ ಕೂತು ನೂರು ವರ್ಷದ್ದರಂತೆ ಕಾಣುತ್ತದೆ. ಒಣಗಿಸುವುದೇ ಪಾಡು. ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಖರೀಫ್, ನಮ್ಮ ಮಳೆಗಾಲದ ತಮ್ಮ. ಹನಿಯೋ ಮಂಜೋ ಎಂದು ಹೇಳಲಾಗದಂಥದ್ದು ಬೀಳುತ್ತಲೇ ಇರುತ್ತದೆ, ಬಾಗಿಲಿನ ಮರ ಊದಿಕೊಳ್ಳುತ್ತದೆ, ಕಪಾಟಿನೊಳಗಿನ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅದನ್ನು ನೋಡಲೆಂದೇ ಸುತ್ತಲಿನ ಮರುಭೂಮಿಯ ದೇಶದವರು ಕಾರು ತುಂಬ ಮಕ್ಕಳನ್ನು ಕೂರಿಸಿಕೊಂಡು ಬರುತ್ತಾರೆ. ನಾನು ಹಾಲ್‌ನಲ್ಲಿ ಹಗ್ಗ ಕಟ್ಟಿ, ಫ್ಯಾನಿನ ಕೆಳಗೆ ಬಟ್ಟೆ ಒಣಗಿಸಿಕೊಂಡು ಕೂತಿದ್ದೆ.

ಒಣಗಿದ ಬಟ್ಟೆಯನ್ನು ಉದ್ದಕ್ಕೆ ಕತ್ತರಿಸಿ, ಎರಡು ತುದಿ ಸೇರಿಸಿ ಹೊಲಿದರೆ ಎರಡೂ ಕಡೆ ಬಾಯಿ ಬಿಟ್ಟ ಚೀಲವಾಗುತ್ತದೆ. ಕೆಳಗಿನ ಬಾಯಿಗೆ ಕೈಯಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿ, ದಾರ ಎಳೆದು, ನೆರಿಗೆ ಕೂರಿಸಿ ಮುಚ್ಚಬೇಕು. ಹತ್ತಿ ತುಂಬಿ ಮೇಲಿನ ಬಾಯಿಯನ್ನೂ ಹಾಗೆಯೇ ಮುಚ್ಚಿದರೆ ಅದು ಬರೀ ಚೆಂಡು. ಚೆಂಡು ಕುಂಬಳಕಾಯಿಯಾಗುವುದು ಕೊನೆಯಲ್ಲಿ, ದಬ್ಬಣದಿಂದ. ಗೋಣಿ ಹೊಲಿಯುವ ಗೇಣುದ್ದದ ಸೂಜಿ ಅದು. ಸೆಣಬಿನ ದಾರ ಪೋಣಿಸಿ ನಟ್ಟನಡುವೆ ಮೇಲಿನಿಂದ ಚುಚ್ಚಿ ಕೆಳಗೆ ಎಳೆಯಬೇಕು, ದಾರವನ್ನು ಹೊರಗಿನಿಂದ ಸುತ್ತಿ ತಂದು ಮತ್ತೆ ಅದೇ ನಡುವಿಗೆ ಚುಚ್ಚಬೇಕು, ಬಿಗಿಯಾಗಿ ಎಳೆಯಬೇಕು. ಹೀಗೆ ಎಂಟು ಸಲ ಮಾಡಿದರೆ ಎಂಟು ಹೋಳು ಮೂಡುತ್ತವೆ. ತೊಟ್ಟಿಗೆ, ತೆಂಗಿನ ತೋಟದ ಬದಿಯಲ್ಲಿ ಒಣಗಿ ಬಿದ್ದ ಗೊನೆಯ ಕಡ್ಡಿ ಸಾಕು.

ಮೊದಲ ಹತ್ತು ಕಾಯಿಗೆ ತೂಕ ಬರಲೆಂದು ತಳದಲ್ಲಿ ಒಂದೊಂದು ಹಿಡಿ ಕುಚ್ಚಲಕ್ಕಿ ಹಾಕಿ ಕೆಟ್ಟೆ. ಆ ತೇವಕ್ಕೆ ಎರಡೇ ವಾರದಲ್ಲಿ ಹುಳ ಬಿದ್ದು ನೆರಿಗೆಯ ಸಂದಿನಿಂದ ಒಂದೊಂದೇ ಹೊರಗೆ ಬಂದವು. ಎಲ್ಲವನ್ನೂ ಬಿಚ್ಚಿ, ಅಕ್ಕಿ ಬಿಸಾಡಿ, ಸಣ್ಣ ಜಲ್ಲಿಕಲ್ಲು ತುಂಬಿ ಮತ್ತೆ ಹೊಲಿದೆ. ಹದಿನೈದು ದಿನದ ಕೆಲಸ ನೀರಿನಲ್ಲಿ ಹೋಮವಾಯಿತು. ಆಗ ನನಗೆ ಸಹಾಯ ಬೇಕಾಯಿತು, ಮತ್ತು ಎದುರು ಬಾಗಿಲಿನ ಹುಡುಗಿ ಬಂದಳು.

ಅವಳು ಮೈಸೂರು ಕಡೆಯವಳು. ಮದುವೆಯಾಗಿ ಎರಡು ವರ್ಷ. ಗಂಡ ನೀರಿನ ಪ್ಲಾಂಟಿನಲ್ಲಿ ಇಂಜಿನಿಯರ್, ಒಳ್ಳೆಯ ಹುಡುಗ, ಬಾಯಲ್ಲಿ ಮಾತಿಲ್ಲ. ಮೊದಲ ದಿನ ಅವಳು ನನ್ನನ್ನು ಆಂಟಿ ಎಂದಳು. ಹೊಸ್ತಿಲಲ್ಲೇ ತಿದ್ದಿದೆ. ಅಂದಿನಿಂದ ನಾನು ಅಕ್ಕ, ನಮ್ಮವರು ಅಣ್ಣ. ಐದು ತಿಂಗಳ ಬಸುರಿ ಅವಳು. ಏಳು ತುಂಬುವ ಮೊದಲು ಊರಿಗೆ ಹೋಗುವುದು, ಅಲ್ಲಿ ಸೀಮಂತ, ಹೆರಿಗೆ, ಬಾಣಂತನ ಎಂದು ನಿಶ್ಚಯವಾಗಿ ಟಿಕೆಟ್ ಕೂಡ ಆಗಿತ್ತು. ಶಾಲೆಗೆ ರಜೆಯಾದ್ದರಿಂದ ಕಟ್ಟಡದಲ್ಲಿದ್ದ ನಮ್ಮ ಜನರೆಲ್ಲ ಊರಿಗೆ ಹೋಗಿದ್ದರು. ಉಳಿದದ್ದು ಈ ಎರಡು ಬಾಗಿಲು. ಬೆಳಿಗ್ಗೆ ಗಂಡ ಡ್ಯೂಟಿಗೆ ಹೊರಟ ಕೂಡಲೇ ಅವಳು ತನ್ನ ನೀರಿನ ಬಾಟಲಿ ಹಿಡಿದು ಬಂದು ನಮ್ಮ ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕೂತು ಹತ್ತಿ ತುಂಬುತ್ತಿದ್ದಳು. ಅವಳಿದ್ದರೆ ನನಗೆ ಇಷ್ಟವಾಗುತ್ತಿತ್ತು. ಮಗಳು ಹೋದ ಮೇಲೆ ನನ್ನ ಮಾತು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಅವಳಮ್ಮ ದಿನಾ ವೀಡಿಯೊ ಕಾಲ್‌ನಲ್ಲಿ ಬರುತ್ತಿದ್ದರು. ಅದನ್ನು ತಿನ್ನಬೇಡ, ಇಲ್ಲಿ ಕೂರಬೇಡ, ಆ ಹೊತ್ತಿನಲ್ಲಿ ಹೊರಗೆ ನಿಲ್ಲಬೇಡ. ಪಪ್ಪಾಯಿಯನ್ನು ಕಣ್ಣೆತ್ತಿ ನೋಡಬೇಡ ಎಂದೂ ಹೇಳಿದ್ದರು. ಸಲಾಲಾದಲ್ಲಿ ರಸ್ತೆಗೆ ಹತ್ತು ಎಳನೀರಿನ ಅಂಗಡಿ, ಹತ್ತರಲ್ಲೂ ಪಪ್ಪಾಯಿ ತೂಗುಹಾಕಿರುತ್ತಾರೆ; ಅದನ್ನು ನೋಡದೆ ನಡೆಯಬೇಕಾದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಬೇಕು. ನಾನು ತಮಾಷೆ ಮಾಡುತ್ತಿದ್ದೆ, ಅವಳೂ ನಗುತ್ತಿದ್ದಳು. ಆದರೆ ಅಮ್ಮ ಹೇಳಿದ್ದನ್ನು ಒಂದೂ ಮೀರುತ್ತಿರಲಿಲ್ಲ. ನನಗೆ ಅದು ಮನಸ್ಸಿನೊಳಗೆ ಚುಚ್ಚುತ್ತಿತ್ತು. ಮೈಕ್ರೋಬಯಾಲಜಿ ಓದಿದ ಹುಡುಗಿ, ಹೀಗೆ ಹೆದರಿ ಬದುಕುತ್ತಾಳಲ್ಲ ಎಂದು.

ಒಂದು ಮಧ್ಯಾಹ್ನ ಹತ್ತಿ ತುಂಬಿದ ಚೆಂಡುಗಳು ಬುಟ್ಟಿಯಲ್ಲಿ ರಾಶಿಯಾಗಿದ್ದವು. ನನ್ನ ಹೆಬ್ಬೆರಳು ದಬ್ಬಣ ತಳ್ಳಿ ತಳ್ಳಿ ಬಾತುಕೊಂಡಿತ್ತು. ಸ್ವಲ್ಪ ನೀನು ಚುಚ್ಚು ಎಂದು ದಬ್ಬಣವನ್ನು ಅವಳ ಕಡೆ ಚಾಚಿದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಅಕ್ಕಾ, ಇದೊಂದ್ ನಾನ್ ಮಾಡಲ್ಲ. ನಮ್ ಕಡೆ ಹೆಂಗಸ್ರು ಇಡೀ ಕುಂಬಳಕಾಯಿ ಒಡ್ಯಲ್ಲ. ಅದ್ರಲ್ಲೂ ಬಸುರಿಯಾದೋರು ಮುಟ್ಟೋದೇ ಇಲ್ಲ. ಕುಂಬಳಕಾಯಿ ಅಂದ್ರೆ ಮನೆಯ ದೊಡ್ಡ ಮಗ ಇದ್ದಂಗಂತೆ."

"ಇದು ಬಟ್ಟೆ ಮಾರಾಯ್ತಿ. ಒಳಗೆ ಹತ್ತಿ ಉಂಟು, ಜಲ್ಲಿ ಉಂಟು. ಒಂದು ಬೀಜ ಕೂಡ ಇಲ್ಲ ಅದರಲ್ಲಿ."

"ಗೊತ್ತು ಅಕ್ಕಾ. ಆದ್ರೂ… ಗಂಡಸ್ರು ಯಾರಾದ್ರೂ ಮೊದ್ಲು ಒಂದೊಂದ್ ಸಲ ಚುಚ್ಚಿ ಕೊಟ್ರೆ ಸಾಕು, ಆಮೇಲೆ ಎಷ್ಟ್ ಬೇಕಾದ್ರೂ ಮಾಡ್ತೀನಿ. ನಮ್ಮನೇಲೂ ಅಪ್ಪ ಚಾಕುವಿಂದ ಒಂದ್ ಗಾಯ ಮಾಡಿ ಕೊಟ್ಮೇಲೇ ಅಮ್ಮ ಹೆಚ್ಚೋದು. ಅಣ್ಣಂಗೆ ಹೇಳ್ತೀರಾ?"

ಈ ಪದ್ಧತಿ ನನಗೆ ಹೊಸದಲ್ಲ. ನಮ್ಮ ನೆರೆಕರೆಯಲ್ಲೂ ಇತ್ತು. ಗಂಡಸರಿಲ್ಲದ ಹೊತ್ತಿನಲ್ಲಿ ಪಕ್ಕದ ಮನೆಯವರು ಕುಂಬಳಕಾಯಿ ಹಿಡಿದುಕೊಂಡು ನನ್ನ ಅಪ್ಪನ ಹತ್ತಿರ ಬಂದು, ಒಂದು ಏಟು ಹಾಕಿಸಿಕೊಂಡು ಹೋಗುತ್ತಿದ್ದರು. ಆದರೆ ನಮ್ಮ ಮನೆಯಲ್ಲಿ ಅಮ್ಮನೇ ಮೆಟ್ಟುಕತ್ತಿಯ ಮುಂದೆ ಕೂತು ಇಡೀ ಕಾಯಿಯನ್ನು ಸೀಳುತ್ತಿದ್ದಳು. ನಾವು ಐದು ಮಂದಿ ಹೊಟ್ಟೆಯಲ್ಲಿದ್ದಾಗಲೂ ಸೀಳಿದವಳು.

ನಮ್ಮವರು ಶಿಫ್ಟು ಮುಗಿಸಿ ಬಂದು ಒಳಗೆ ಮಲಗಿದ್ದರು. "ಆ ಮನುಷ್ಯನನ್ನು ಹತ್ತಿ ಚುಚ್ಚಲಿಕ್ಕೆ ಎಬ್ಬಿಸುದಾ? ನಾಳೆ ನೋಡುವ" ಎಂದೆ. ನಾಳೆ ಹೇಳುವ ಉದ್ದೇಶ ನನಗೆ ಇರಲಿಲ್ಲ. ಈ ಹುಡುಗಿಯ ತಲೆಯಿಂದ ಇದೊಂದನ್ನಾದರೂ ತೆಗೆಯಬೇಕು ಎಂದು ಆಗಲೇ ಹಟ ಬಂದಿತ್ತು.

ಮರುದಿನ ಬೆಳಿಗ್ಗೆ ನಮ್ಮವರು ಮನೆಯಲ್ಲೇ ಇದ್ದರು. ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಾ ಮೊಬೈಲ್ ನೋಡುತ್ತಿದ್ದರು. ಕರೆದರೆ ಬರುತ್ತಿದ್ದರು, ಯಾಕೆ ಎಂದೂ ಕೇಳುತ್ತಿರಲಿಲ್ಲ. ಬುಟ್ಟಿಯಲ್ಲಿ ಹನ್ನೊಂದು ಕಾಯಿ ಇತ್ತು, ಎರಡು ನಿಮಿಷದ ಕೆಲಸ. ನಾನು ಕರೆಯಲಿಲ್ಲ. ಅವರು ಚಹಾ ಮುಗಿಸಿ, ಮೀನು ತರುತ್ತೇನೆಂದು ಹೊರಗೆ ಹೋದರು. ಅದಾದ ಮೇಲೆ ಅವಳು ಬಂದಳು. ಬುಟ್ಟಿ ನೋಡಿದಳು.

"ಅಣ್ಣ ಚುಚ್ಚಿದ್ರಾ ಅಕ್ಕಾ?"

"ಎಂತ ಅಣ್ಣ? ನೀನು ಓದಿದವಳಾ ಅಲ್ಲವಾ? ಹಿಡಿ" ಎಂದು ದಬ್ಬಣವನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. "ಬಟ್ಟೆಗೆ ಹೆದರಿದರೆ ನಾಳೆ ಮಗುವಿಗೆ ಎಂತ ಕಲಿಸ್ತೀ?"

ಅವಳ ಮುಖ ಕೆಂಪಾಯಿತು. ಮೊದಲನೆಯದನ್ನು ಚುಚ್ಚುವಾಗ ಕಣ್ಣು ಮುಚ್ಚಿಕೊಂಡಳು. ಆಮೇಲೆ ಕಣ್ಣು ಬಿಟ್ಟು ನೋಡಿ, ಏನೂ ಆಗಲಿಲ್ಲವೆಂದು ನಕ್ಕಳು. ನಾನೂ ನಕ್ಕೆ. ಊಟದ ಹೊತ್ತಿಗೆ ಹನ್ನೊಂದನ್ನೂ ಮುಗಿಸಿದಳು. ಅವಳ ಕೈ ನನ್ನದಕ್ಕಿಂತ ಅಚ್ಚುಕಟ್ಟು, ಹೋಳುಗಳು ಅಳೆದಿಟ್ಟಂತೆ ಕೂತಿದ್ದವು. ಆ ದಿನ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ನಮ್ಮವರಿಗೆ ಊಟ ಬಡಿಸುತ್ತಾ ಇಡೀ ಕಥೆಯನ್ನು ರಂಗು ಹಚ್ಚಿ ಹೇಳಿದೆ. ಅವರು ಮೀನಿನ ಮುಳ್ಳು ಬಿಡಿಸುತ್ತಾ, "ನನ್ನನ್ನು ಕರೆದಿದ್ದರೆ ಆಗುತ್ತಿತ್ತಲ್ಲ" ಎಂದಷ್ಟೇ ಹೇಳಿದರು. ನಿಮಗೆ ತಿಳಿಯುವುದಿಲ್ಲ ಎಂದೆ.

ಹದಿನೇಳು ದಿನಗಳ ಮೇಲೆ, ಬೆಳಿಗ್ಗೆ ಎಂಟರ ಹೊತ್ತಿಗೆ, ಅವಳು ಬಾಗಿಲು ತಟ್ಟಿದಳು. ಕೈಯಲ್ಲಿ ಬಾಟಲಿ ಇರಲಿಲ್ಲ.

"ಅಕ್ಕಾ, ನಿನ್ನೆಯಿಂದ ಒದೀತಾನೇ ಇಲ್ಲ."

ಅವಳ ಗಂಡನಿಗೆ ಫೋನ್ ಮಾಡಿ, ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ನಾನು ಮಾತಾಡುತ್ತಲೇ ಇದ್ದೆ. ಮಕ್ಕಳು ಕೆಲವೊಮ್ಮೆ ಮಲಗುತ್ತವೆ, ನನ್ನ ಮಗಳೂ ಹಾಗೇ ಮಾಡಿದ್ದಳು, ಒಂದು ಲೋಟ ಜ್ಯೂಸ್ ಕುಡಿದರೆ ಎದ್ದು ಕುಣಿಯುತ್ತದೆ. ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಆಡಿಸಿದರು. ಒಂದು ಕಡೆ, ಇನ್ನೊಂದು ಕಡೆ, ಮತ್ತೆ ಮೊದಲಿನ ಕಡೆ. ಹುಡುಗಿ ಪರದೆಯನ್ನು ನೋಡುತ್ತಿರಲಿಲ್ಲ, ಡಾಕ್ಟರರ ಮುಖವನ್ನೇ ನೋಡುತ್ತಿದ್ದಳು. ಅವರು ಪರದೆಯನ್ನು ಮೆಲ್ಲಗೆ ಆ ಕಡೆ ತಿರುಗಿಸಿದಾಗ ಅವಳಿಗೆ ತಿಳಿಯಿತು.

ಮರುದಿನ ಹೆರಿಗೆ ಮಾಡಿಸಿದರು. ನೋವೆಲ್ಲ ಪೂರ್ತಿ ತಿಂದಳು, ಬದುಕಿದ ಮಗುವಿಗೆ ತಿನ್ನುವಷ್ಟೇ. ಗಂಡು. ಕಾರಣ ಏನೆಂದು ಅವಳ ಗಂಡ ಕೇಳಿದ. ಎಲ್ಲ ನೋಡಿದ್ದೇವೆ, ಏನೂ ಸಿಗಲಿಲ್ಲ, ಕೆಲವು ಸಲ ಕಾರಣ ಗೊತ್ತಾಗುವುದಿಲ್ಲ ಎಂದರು ಡಾಕ್ಟರು. ಅವರು ಒಳ್ಳೆಯ ಹೆಂಗಸು. ಅವಳ ತಲೆಗೂದಲು ಸರಿಮಾಡಿ ಹೋದರು. ಕಾಗದಪತ್ರ ಮುಗಿಸಿಕೊಂಡು ಅವಳ ಗಂಡ, ನಮ್ಮವರು, ಅವನ ಜೊತೆ ಕೆಲಸ ಮಾಡುವ ಒಬ್ಬರು ಪುಟ್ಟ ಗಂಟನ್ನು ತೆಗೆದುಕೊಂಡು ಊರಾಚೆ ಹೋಗಿ ಮಣ್ಣು ಮಾಡಿ ಬಂದರು. ಆ ಹೊತ್ತು ನಾನು ವಾರ್ಡಿನಲ್ಲಿ ಅವಳ ಕಾಲಿನ ಬಳಿ ಕೂತಿದ್ದೆ. ಎಲ್ಲಿಗೆ ಹೋಗಿದ್ದಾರೆಂದು ಅವಳು ಕೇಳಲಿಲ್ಲ.

ಮನೆಗೆ ಬಂದ ಮೇಲೆ ಎದೆಯಲ್ಲಿ ಹಾಲು ಬಂತು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಅವಳಿಗೆ. ನೈಟಿ ಒದ್ದೆಯಾದದ್ದನ್ನು ನೋಡಿ ನನ್ನ ಕಡೆ ನೋಡಿದಳು. ನಮ್ಮವರ ಹಳೆಯ ಬಿಳಿ ಮುಂಡು ಪಂಚೆಯನ್ನು ಅಗಲಕ್ಕೆ ಹರಿದು ಬಿಗಿಯಾಗಿ ಕಟ್ಟಿದೆ. ಕಟ್ಟುವಾಗ ಅವಳು ಮಗುವಿನಂತೆ ಎರಡು ಕೈ ಮೇಲೆತ್ತಿ ನಿಂತಿದ್ದಳು. ಹದಿನಾರು ವರ್ಷದಲ್ಲಿ ನಾನು ಈ ಊರಿನಲ್ಲಿ ಅತ್ತದ್ದು ಅಂದು ಮಾತ್ರ, ಅದೂ ನಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು.

ಐದನೆಯ ದಿನ ಗಂಜಿ ತೆಗೆದುಕೊಂಡು ಹೋದಾಗ ಅವಳು ಮೊದಲ ಸಲ ಬಾಯಿ ಬಿಟ್ಟಳು.

"ಎಂಬತ್ತೆಂಟು ಸಲ ಅಕ್ಕಾ."

"ಎಂತದ್ದು?"

"ಹನ್ನೊಂದು ಕಾಯಿ. ಒಂದೊಂದಕ್ಕೆ ಎಂಟು. ಎಂಬತ್ತೆಂಟು ಸಲ ಚುಚ್ಚಿದೀನಿ."

ಗಂಜಿಯ ಪಾತ್ರೆ ನನ್ನ ಕೈಯಲ್ಲೇ ಇತ್ತು. ನಾನು ಏನು ಮಾಡಬೇಕಿತ್ತೋ ಅದನ್ನು ಬಿಟ್ಟು ಎಲ್ಲವನ್ನೂ ಮಾಡಿದೆ. ವಾದಿಸಿದೆ. ಡಾಕ್ಟರು ಹೇಳಿದ್ದನ್ನು ಹೇಳಿದೆ, ಅವಳು ಓದಿದ ವಿಜ್ಞಾನವನ್ನು ಅವಳಿಗೇ ನೆನಪಿಸಿದೆ, ಕೊನೆಗೆ ಧ್ವನಿ ಏರಿಸಿದೆ. "ನನ್ನಮ್ಮ ಐದು ಸಲ ಬಸುರಿಯಾದಳು, ಐದು ಸಲವೂ ನಿಜದ ಕುಂಬಳಕಾಯಿ ಸೀಳಿದಳು. ಐವರೂ ಬದುಕಿದ್ದೇವೆ. ಅದಕ್ಕೆ ಎಂತ ಹೇಳ್ತೀ?"

ಅವಳು ಸಿಟ್ಟಾಗಲಿಲ್ಲ. "ನಿಮ್ಮಮ್ಮಂಗೆ ಅದು ತಪ್ಪು ಅಂತ ಇರ್ಲಿಲ್ಲ ಅಕ್ಕಾ" ಎಂದಳು. "ನಂಗೆ ಗೊತ್ತಿತ್ತು. ಗೊತ್ತಿದ್ದೂ ಚುಚ್ಚಿದೆ."

ಗಂಜಿಯ ಪಾತ್ರೆಯನ್ನು ಅವಳ ಪಕ್ಕ ಇಟ್ಟೆ. ನೀವು ಚುಚ್ಚಿಸಿದಿರಿ ಎಂದು ಅವಳು ಒಂದು ಸಲವೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು, ನನಗೆ ಅದು ಬರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಗಾದೆಯಿದೆ. ಇಲ್ಲಿ ಯಾರೂ ಕಳ್ಳ ಎನ್ನಲೂ ಇಲ್ಲ, ನಾನು ಹಗಲಿಡೀ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಸೂಜಿಗೂ ಮಗುವಿಗೂ ಸಂಬಂಧವಿಲ್ಲವೆಂಬುದು ನನಗೆ ಎಷ್ಟು ಖಚಿತವಾಗಿತ್ತೋ, ಆ ಬೆಳಿಗ್ಗೆ ನಮ್ಮವರನ್ನು ಒಂದು ಮಾತು ಕರೆಯಬಹುದಿತ್ತು ಎಂಬುದೂ ಅಷ್ಟೇ ಖಚಿತವಾಗಿತ್ತು.

ಉಳಿದ ಕಾಯಿಗಳನ್ನು ನಾನೊಬ್ಬಳೇ ಮುಗಿಸಿದೆ. ಅವಳು ಮಾಡಿದ ಹನ್ನೊಂದು ಯಾವುವು ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು, ಅಷ್ಟು ನೇರ್ಪಾಗಿದ್ದವು. ಅವನ್ನು ತೆಗೆದಿಡಬಹುದಿತ್ತು. ಬೇರೆ ಹನ್ನೊಂದು ಹೊಲಿಯಲು ಬಟ್ಟೆಯೂ ಇತ್ತು, ದಿನವೂ ಇತ್ತು. ತೆಗೆದಿಡಲಿಲ್ಲ. ಅರವತ್ತನ್ನೂ ಎಣಿಸಿ ರಟ್ಟಿನ ಪೆಟ್ಟಿಗೆಗೆ ತುಂಬಿ ರೆಸಾರ್ಟಿಗೆ ಕೊಟ್ಟೆ. ಆ ಹೆಂಗಸು ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಇದು ಎಷ್ಟು ಚೆಂದ ಎಂದಳು. ಅದು ಆ ಹುಡುಗಿ ಚುಚ್ಚಿದ್ದು. ಮನೆಗೆ ತಿರುಗಿ ಬರುವಾಗ ನನಗೆ ನನ್ನ ಮೇಲೆ ಅಸಹ್ಯವಾಯಿತು.

ಸೆಪ್ಟೆಂಬರ್ ಕಳೆಯಿತು. ಹನಿ ನಿಂತಿತು, ಗುಡ್ಡಗಳು ಮತ್ತೆ ಒಣಗತೊಡಗಿದವು, ಕಟ್ಟಡದ ಜನ ಊರಿನಿಂದ ವಾಪಸು ಬಂದರು. ಬಂದವರು ಅವಳ ಮನೆಗೆ ಹೋಗಿ ದೇವರಿದ್ದಾನೆ, ವಯಸ್ಸಿದೆ, ಇನ್ನೊಂದಾಗುತ್ತದೆ ಎಂದು ಹೇಳಿ ಬಂದರು. ಅವಳು ಎಲ್ಲರಿಗೂ ಹೂಂ ಎಂದಳು. ಬಲಗೈಯನ್ನು ಎಡಗಂಕುಳಲ್ಲಿ ಇಟ್ಟುಕೊಂಡು ಕೂರುವುದು ಅಭ್ಯಾಸವಾಗಿತ್ತು. ಚಾಕು ಮುಟ್ಟುತ್ತಿರಲಿಲ್ಲ. ಸೇಫ್ಟಿಪಿನ್ನು ಕೂಡ ಮುಟ್ಟುತ್ತಿರಲಿಲ್ಲ. ಗಂಡ ಹೋಟೆಲಿನಿಂದ ಪಾರ್ಸೆಲ್ ತರುತ್ತಿದ್ದ, ಅದರಲ್ಲಿ ಎರಡು ತುತ್ತು ತಿನ್ನುತ್ತಿದ್ದಳು. ಕುತ್ತಿಗೆಯ ಮೂಳೆ ಎದ್ದು ಕಾಣುವಂತಾಯಿತು.

ಊರಿಗೆ ಹೋಗಲು ಮಾತ್ರ ಒಪ್ಪಲಿಲ್ಲ. ಗಂಡ ಎರಡು ಸಲ ಟಿಕೆಟ್ ಮಾಡಿಸಿದ, ಎರಡು ಸಲ ರದ್ದು ಮಾಡಿದ. ಅಮ್ಮನ ಕರೆ ಬಂದರೆ ತಲೆನೋವೆಂದು ಫೋನನ್ನು ಅವನ ಕೈಗೆ ಕೊಡುತ್ತಿದ್ದಳು. ಕಾರಣ ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

"ಅಮ್ಮ ಕೇಳೇ ಕೇಳ್ತಾರೆ ಅಕ್ಕಾ, ಏನಾದ್ರೂ ಮುಟ್ಟಬಾರದ್ದು ಮುಟ್ಟಿದ್ಯಾ ಅಂತ. ನಾನೇನ್ ಹೇಳ್ಲಿ? ಅಮ್ಮಂಗೆ ನಾನ್ ಸುಳ್ಳು ಹೇಳಿ ಅಭ್ಯಾಸ ಇಲ್ಲ."

ಹೀಗೇ ಬಿಟ್ಟರೆ ಇವಳು ಉಳಿಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು. ಬುದ್ಧಿ ಹೇಳಿ ಸೋತಿದ್ದೆ. ಒಂದು ದಿನ ಮಸಾಲೆ ಅರೆಯುತ್ತಿರುವಾಗ ಹೊಳೆಯಿತು: ಅವಳ ನಂಬಿಕೆಯನ್ನು ಕೀಳಲು ನನ್ನಿಂದಾಗದು. ಆದರೆ ಆ ನಂಬಿಕೆಯಲ್ಲೇ ಒಂದು ಬಾಗಿಲಿದೆ. ಗಂಡಸಿನ ಕೈಯ ಮೊದಲ ಚುಚ್ಚು ಬಿದ್ದಿದ್ದರೆ ದೋಷವಿಲ್ಲ. ಹಾಗಾದರೆ ಆ ಚುಚ್ಚು ಬಿದ್ದಿತ್ತು ಎಂದು ಹೇಳಿದರಾಯಿತು. ಅವಳು ಬರುವ ಮೊದಲು ಬೆಳಿಗ್ಗೆ ನಮ್ಮವರು ಮನೆಯಲ್ಲೇ ಇದ್ದರು ತಾನೇ. ಬಿದ್ದಿರಬೇಕಾದ ಚುಚ್ಚನ್ನು ಈಗ ಬಾಯಿಮಾತಿನಲ್ಲಿ ಹಾಕುವುದು.

ನಮ್ಮವರಿಗೆ ಹೇಳಿದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರು ನನಗೆ ಸುಳ್ಳು ಹೇಳಿದ್ದು ನೆನಪಿಲ್ಲ, ಆಫೀಸಿಗೆ ಹುಷಾರಿಲ್ಲ ಎಂದು ಫೋನ್ ಮಾಡುವಾಗಲೂ ನಿಜವಾಗಿ ಜ್ವರ ಬಂದಿರಬೇಕು. ಅವರು ಕೊಂಕಣಿಯಲ್ಲಿ ಕೇಳಿದರು:

"ಅಂದು ಕರೆಯಲಿಕ್ಕೆ ನಿನಗೆ ಎಂತ ದಾಡಿಯಾಗಿತ್ತು?"

ಆ ಪ್ರಶ್ನೆಯನ್ನು ಅವರು ಹಿಂದೆಂದೂ ಕೇಳಿರಲಿಲ್ಲ. ಅವರು ಎದ್ದು ಶರಟು ಹಾಕಿಕೊಂಡರು.

ಶುಕ್ರವಾರ, ಊಟವಾದ ಮೇಲೆ. ಅವಳ ಗಂಡ ಡ್ಯೂಟಿಗೆ ಹೋಗಿದ್ದ. ಅವಳು ಬಾಗಿಲು ತೆರೆದು, ಅಣ್ಣನನ್ನು ಕಂಡು ದುಪಟ್ಟಾ ಸರಿಮಾಡಿಕೊಂಡಳು. ಮೂವರೂ ಕೂತೆವು. ನಾನು ತಡಮಾಡಲಿಲ್ಲ.

"ನೋಡು, ಒಂದು ವಿಷಯ ನಿನ್ನ ಹತ್ತಿರ ಮುಚ್ಚಿಟ್ಟಿದ್ದೇನೆ. ನೀನು ಹೇಳಿದ್ದಿಯಲ್ಲ, ಅದರ ಮರುದಿನ ಬೆಳಿಗ್ಗೆ ನೀನು ಬರುವ ಮೊದಲೇ ಇವರ ಕೈಯಿಂದ ಬುಟ್ಟಿಯಲ್ಲಿದ್ದ ಎಲ್ಲ ಕಾಯಿಗೂ ಒಂದೊಂದು ಚುಚ್ಚಿಸಿ ಇಟ್ಟಿದ್ದೆ. ನಿನ್ನೆದುರು ನಗಾಡಿದವಳು ಹಿಂದಿನಿಂದ ಹೀಗೆ ಮಾಡಿದೆ ಅಂತ ಹೇಳಲಿಕ್ಕೆ ನನಗೆ ನಾಚಿಕೆ ಆಯ್ತು. ಅದಕ್ಕೇ ಹೇಳಲಿಲ್ಲ."

"ಸುಮ್ನೆ ಹೇಳ್ತಿದೀರಾ ಅಕ್ಕಾ."

ಆಣೆ ಇಡಲು ನಾನು ಬಾಯಿ ತೆರೆದೆ. ಅವಳು ನನ್ನನ್ನು ನೋಡಲೇ ಇಲ್ಲ. ಅವರ ಕಡೆ ತಿರುಗಿದಳು.

"ಅಣ್ಣಾ, ನಿಜಾನಾ?"

ನನ್ನ ಗಂಡ ಅವಳ ಮುಖ ನೋಡಿ ಹೇಳಿದರು: "ಹೌದು ಮಗಾ. ಒಂದೊಂದಕ್ಕೂ ಒಂದೊಂದು. ಹನ್ನೊಂದು ಇತ್ತು. ಕಡೆಯದಕ್ಕೆ ಚುಚ್ಚುವಾಗ ನನ್ನ ಬೆರಳಿಗೇ ತಾಗಿತು, ನೋಡು." ತೋರುಬೆರಳನ್ನು ಮುಂದೆ ಚಾಚಿದರು. ಅದರ ತುದಿಯಲ್ಲಿ ಹಳೆಯ ಗಾಯದ ಸಣ್ಣ ಗುರುತಿತ್ತು. ಅದು ಯಾವಾಗಲೋ ಮೀನು ಕೊಯ್ಯುವಾಗ ಆದದ್ದು. ಅಷ್ಟು ಹೇಳಲು ನಾನು ಹೇಳಿಕೊಟ್ಟಿರಲಿಲ್ಲ.

ಅವಳ ಬಲಗೈ ಕಂಕುಳಿನಿಂದ ಹೊರಗೆ ಬಂತು. ಆ ಬೆರಳನ್ನು ಹಿಡಿದು, ಗುರುತಿನ ಮೇಲೆ ಹೆಬ್ಬೆರಳಿಟ್ಟು ನೋಡಿದಳು. ಆಮೇಲೆ ಅತ್ತಳು. ಆಸ್ಪತ್ರೆಯಲ್ಲಿ ಅಳದವಳು, ಹಾಲು ಕಟ್ಟುವಾಗ ಅಳದವಳು, ಅವರ ಕೈಯನ್ನು ಹಣೆಗೆ ಒತ್ತಿಕೊಂಡು ಜೋರಾಗಿ, ಬಾಯಿ ತೆರೆದು ಅತ್ತಳು. ನಮ್ಮವರ ಕಣ್ಣಲ್ಲೂ ನೀರಿತ್ತು. ನಾನು ಮಾತ್ರ ಒಳಗೊಳಗೆ ಹಿಗ್ಗುತ್ತಿದ್ದೆ. ಗೆದ್ದೆ ಎಂದುಕೊಂಡೆ. ಇನ್ನು ಊಟ ಮಾಡುತ್ತಾಳೆ, ಇನ್ನು ಊರಿಗೆ ಹೋಗುತ್ತಾಳೆ, ಅಮ್ಮನಿಗೆ ಮುಖ ತೋರಿಸುತ್ತಾಳೆ.

ಅಳು ನಿಂತ ಮೇಲೆ ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು.

"ಹಾಗಾದ್ರೆ ನಂದೇನೂ ತಪ್ಪಿಲ್ಲ."

"ಇಲ್ಲ" ಎಂದೆ. "ನಿನ್ನದು ಎಂತದ್ದೂ ಇಲ್ಲ."

"ಮತ್ತೆ ಯಾಕಕ್ಕಾ ಹೋಯ್ತು ಮಗು?"

ಡಾಕ್ಟರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ತಪ್ಪು ತನ್ನದೆಂದು ನಂಬಿದ್ದಷ್ಟು ದಿನ ಅವಳ ಕೈಯಲ್ಲಿ ಒಂದು ಉತ್ತರವಾದರೂ ಇತ್ತು. ಅದನ್ನು ಕಿತ್ತುಕೊಳ್ಳಲು ನಾನು ಗಂಡನನ್ನೂ ಕರೆದುಕೊಂಡು ಬಂದಿದ್ದೆ. ನಮ್ಮವರು ತಲೆ ತಗ್ಗಿಸಿದರು. ಅವಳು ಅವರ ಬೆರಳು ಬಿಟ್ಟು, ನನ್ನ ಕಡೆ ತಿರುಗಿ, ಕಾಲು ಮಡಚಿಕೊಂಡು ಕೂತು ಕಾದಳು. ಎಲ್ಲದಕ್ಕೂ ಉತ್ತರ ಕೊಡುವ ಅಕ್ಕ ಇದಕ್ಕೂ ಕೊಡುತ್ತಾಳೆ ಎಂದು ಅವಳು ನಿಜವಾಗಿ ನಂಬಿದ್ದಳು.